ನೋವು ಭುಜದಲ್ಲಿ, ಪ್ರಶ್ನೆ ನಿದ್ದೆಯ ಬಗ್ಗೆ: ಫಿಸಿಯೋಥೆರಪಿ ಇಡೀ ಮನುಷ್ಯನನ್ನು ನೋಡಬೇಕೇ?

ಎಡಭುಜ

ಎಲ್ಲರಿಗೂ ನಮಸ್ಕಾರ. ಎಡಭುಜದ ನೋವಿಗಾಗಿ ಇಬ್ಬರು ಫಿಸಿಯೋಥೆರಪಿಸ್ಟರನ್ನು ಕಂಡಿದ್ದೇನೆ. ಮೊದಲನೆಯವರು ಹೆಚ್ಚು ಮಾತನಾಡಲಿಲ್ಲ. ಮಲಗಿಸಿ, ಭುಜಕ್ಕೆ ಶಾಖ ಕೊಟ್ಟು, ಕೈಯಿಂದ ತಿಕ್ಕಿ, ಯಂತ್ರದ ಪ್ಯಾಡುಗಳನ್ನು ಅಂಟಿಸಿ, ಹೊರಡುವಾಗ ವ್ಯಾಯಾಮದ ಚಿತ್ರಗಳಿದ್ದ ಹಾಳೆಯೊಂದನ್ನು ಕೊಟ್ಟರು. ಅಲ್ಲಿ ಇದ್ದಷ್ಟು ಹೊತ್ತು ಹಿತವೆನಿಸುತ್ತಿತ್ತು. ಸಂಜೆಯ ವೇಳೆಗೆ ನೋವು ಮರಳುತ್ತಿತ್ತು.

ಎರಡನೆಯವರು ಮೊದಲ ಭೇಟಿಯ ಅರ್ಧಕ್ಕಿಂತ ಹೆಚ್ಚು ಸಮಯವನ್ನು ಪ್ರಶ್ನೆಗಳಲ್ಲೇ ಕಳೆದರು. ರಾತ್ರಿ ಎಷ್ಟು ಬಾರಿ ಎಚ್ಚರವಾಗುತ್ತದೆ, ಕೆಲಸ ಎಂಥದ್ದು, ಮನೆಯಲ್ಲಿ ಯಾರಿದ್ದಾರೆ, ಈ ನೋವು ಏನೆಂದು ನಿಮಗೆ ಅನ್ನಿಸುತ್ತದೆ, ಶುಗರ್ ಪರೀಕ್ಷೆ ಮಾಡಿಸಿದ್ದೀರಾ ಎಂದೆಲ್ಲ ಕೇಳಿದರು. ಆಮೇಲೆ ಅಂಗಿ ಕಳಚಲು ಹೇಳಿ, ನಾನು ತೋಳು ಬಿಡಿಸಿಕೊಳ್ಳುವುದನ್ನೇ ಗಮನಿಸುತ್ತ ನಿಂತರು. ಯಂತ್ರವನ್ನು ಮುಟ್ಟಲೇ ಇಲ್ಲ.

ನನ್ನ ಪ್ರಶ್ನೆ ನೇರವಾದದ್ದು. ಭುಜಕ್ಕೂ ಈ ಪ್ರಶ್ನೆಗಳಿಗೂ ನಿಜವಾಗಿ ಸಂಬಂಧವಿದೆಯೇ? ‘ಸಮಗ್ರ ಚಿಕಿತ್ಸೆ’ ಎಂದು ಹೇಳುವುದು ಇದನ್ನೇ ಏನು? ಅನುಭವ ಇರುವವರು, ಈ ವೃತ್ತಿಯಲ್ಲಿ ಇರುವವರು ದಯವಿಟ್ಟು ತಿಳಿಸಿ.

ಚಲನೆ

ನಾನು ಫಿಸಿಯೋಥೆರಪಿಸ್ಟ್. ನಿಮ್ಮ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ. ನಾನು ದಿನವೂ ಮಾಡುವ ಕೆಲಸದ ತಿರುಳು ಇದು.

ನೋವಿನ ತೀವ್ರತೆಯೂ ಅಂಗಾಂಶಕ್ಕೆ ಆಗಿರುವ ಹಾನಿಯೂ ಒಂದೇ ಅಳತೆಯಲ್ಲಿ ಏರಿಳಿಯುವುದಿಲ್ಲ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು, ಪೆಟ್ಟಾದ ಜಾಗದಿಂದ ಹೊರಟ ಸಂದೇಶ ಬೆನ್ನುಹುರಿಯಲ್ಲಿಯೇ ಹೆಚ್ಚಾಗಬಹುದು ಅಥವಾ ತಗ್ಗಬಹುದು ಎಂಬ ಸಿದ್ಧಾಂತವನ್ನು ಮುಂದಿಟ್ಟರು. ಮೊಣಕೈ ತಗುಲಿದ ಕೂಡಲೇ ನಾವು ಅಲ್ಲಿ ಉಜ್ಜಿಕೊಳ್ಳುತ್ತೇವೆ, ನೋವು ಕಡಿಮೆಯಾಗುತ್ತದೆ. ಅದಕ್ಕೆ ಅವರು ಕೊಟ್ಟ ವಿವರಣೆಯ ಕೆಲವು ಭಾಗಗಳನ್ನು ಮುಂದೆ ತಿದ್ದಲಾಯಿತು. ಆದರೆ ಮೂಲ ವಿಚಾರ ಉಳಿದುಕೊಂಡಿದೆ. 1977ರಲ್ಲಿ ಜಾರ್ಜ್ ಎಂಗೆಲ್ ಎಂಬ ವೈದ್ಯರು, ಕಾಯಿಲೆಯನ್ನು ದೇಹ, ಮನಸ್ಸು, ಸಾಮಾಜಿಕ ಬದುಕು ಈ ಮೂರೂ ಸೇರಿದ ಚೌಕಟ್ಟಿನಲ್ಲಿ ನೋಡಬೇಕೆಂದು ವಾದಿಸಿದರು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯೂ ನೋವನ್ನು ಸಂವೇದನೆ ಮತ್ತು ಭಾವನೆ ಎರಡೂ ಇರುವ ಅನುಭವ ಎಂದೇ ಹೇಳುತ್ತದೆ. ಜೊತೆಗೆ, ನೋವಾಗುತ್ತಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದೂ ಹೇಳುತ್ತದೆ. ಈ ಎರಡನೆಯ ಮಾತು ನನಗೆ ಬಹಳ ಮುಖ್ಯ.

ಇನ್ನು ನಿದ್ದೆ. ನಿದ್ದೆಗೆಟ್ಟ ಮರುದಿನ ಅದೇ ಒತ್ತಡ, ಅದೇ ಬಿಸಿ ಹೆಚ್ಚು ನೋಯುತ್ತದೆ. ನೋವು ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ನೋವನ್ನು ಬೆಳೆಸುತ್ತದೆ. ಇವೆರಡರಲ್ಲಿ ಯಾವುದು ಮೊದಲು ಬಂದಿತೆಂದು ತಿಳಿಯದಿದ್ದರೂ ಎಲ್ಲಿಂದ ಬಿಡಿಸಲು ಆರಂಭಿಸಬೇಕು ಎಂಬುದು ಗೊತ್ತಾಗಬೇಕಲ್ಲವೇ? ಕೆಲವರಿಗೆ ನಾನು ಮೊದಲ ವಾರ ಕೊಡುವ ಚಿಕಿತ್ಸೆಯ ಮುಖ್ಯ ಭಾಗ ಇಷ್ಟೇ: ತೋಳಿನ ಕೆಳಗೊಂದು ದಿಂಬು ಇಟ್ಟುಕೊಂಡು, ಭುಜ ಮುಂದಕ್ಕೆ ಜೋತು ಬೀಳದಂತೆ ಮಲಗುವುದು.

‘ಈ ನೋವು ಏನೆಂದು ನಿಮಗೆ ಅನ್ನಿಸುತ್ತದೆ’ ಎಂಬ ಪ್ರಶ್ನೆಗೆ ಬರುವ ಉತ್ತರಗಳನ್ನು ನೀವು ಕೇಳಬೇಕು. ‘ಬೆನ್ನುಮೂಳೆ ಸವೆದು ಹೋಗಿದೆ, ಬಗ್ಗಿದರೆ ಮುರಿಯುತ್ತದೆ’ ಎಂದು ನಂಬಿರುವವರಿಗೆ ಬಗ್ಗುವ ವ್ಯಾಯಾಮ ಕೊಟ್ಟರೆ ಅವರು ಮಾಡುವುದಿಲ್ಲ. ಯಾರೇ ಆಗಿರಲಿ, ಹೇಗೆ ತಾನೇ ಮಾಡಿಯಾರು? ಆ ನಂಬಿಕೆ ಬಹುತೇಕ ಸ್ಕ್ಯಾನ್ ವರದಿಯಿಂದ ಬಂದಿರುತ್ತದೆ. ಯಾವ ಬೆನ್ನುನೋವೂ ಇಲ್ಲದ ಜನರ ಸ್ಕ್ಯಾನ್‌ಗಳನ್ನು ನೋಡಿದ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಲಾಯಿತು. ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸವೆದಿರುವ ಲಕ್ಷಣ 20ರ ವಯಸ್ಸಿನವರಲ್ಲೇ ಶೇ 37ರಷ್ಟು ಮಂದಿಗೆ ಇತ್ತು. 80ರ ವಯಸ್ಸಿನವರಲ್ಲಿ ಶೇ 96ರಷ್ಟು ಮಂದಿಗೆ. ಇವರಾರಿಗೂ ನೋವಿರಲಿಲ್ಲ ಎಂಬುದನ್ನು ನೆನಪಿಡಿ. ವರದಿಯನ್ನು ಕೈಗೆ ಕೊಡುವಾಗ ಈ ಮಾತನ್ನೂ ಜೊತೆಯಲ್ಲಿ ಹೇಳಿದರೆ ಎಷ್ಟೋ ಜನರ ಭಯ ಅಲ್ಲೇ ಇಳಿಯುತ್ತದೆ.

ಅಂಗಿ ಕಳಚುವುದನ್ನು ಅವರು ಗಮನಿಸಿದರು ಎಂದಿರಿ. ಒಳ್ಳೆಯ ಪರೀಕ್ಷೆ ಅದು. ನಾನು ಬೆನ್ನುನೋವಿನವರಲ್ಲಿ ಕುರ್ಚಿಯಿಂದ ಏಳುವುದನ್ನು ನೋಡುತ್ತೇನೆ. ಏಳುವ ಮುನ್ನವೇ ಉಸಿರು ಹಿಡಿಯುತ್ತಾರೆಯೇ, ಕೈಗಳು ತೊಡೆಗೆ ಹೋಗುತ್ತವೆಯೇ, ಭಾರ ಯಾವ ಕಾಲಿಗೆ ಜಾರುತ್ತದೆ, ಎದ್ದ ಮೇಲೆ ಮೊದಲ ಹೆಜ್ಜೆಗೆ ಮುನ್ನ ಎಷ್ಟು ಹೊತ್ತು ನಿಲ್ಲುತ್ತಾರೆ, ನನ್ನ ಮುಖ ನೋಡುತ್ತಾರೆಯೇ. ಮಲಗಿಸಿ ಕೀಲು ಅಳೆದರೆ ಇವುಗಳಲ್ಲಿ ಒಂದೂ ಕಾಣುವುದಿಲ್ಲ.

ಶುಗರ್ ಪ್ರಶ್ನೆಗೆ ಕಾರಣ ಬೇರೆ. ನಿಮ್ಮ ತೋಳನ್ನು ಇನ್ನೊಬ್ಬರು ಹಿಡಿದು ಹೊರಕ್ಕೆ ತಿರುಗಿಸಲು ಯತ್ನಿಸಿದರೂ ಅದು ತಿರುಗುವುದಿಲ್ಲವೇ? ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಹೊರಗೆ ತೆಗೆದುಕೊಂಡು ಹೋಗುವ ಚಲನೆ. ಅದು ಬಿಗಿದುಕೊಂಡಿದ್ದರೆ ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲೇ ಬಿಗಿದುಕೊಳ್ಳುವ ತೊಂದರೆ, ಇರಬಹುದೆಂಬ ಅನುಮಾನ ಬರುತ್ತದೆ. ಇದು 40ರಿಂದ 60ರ ವಯಸ್ಸಿನಲ್ಲಿ ಹೆಚ್ಚು. ಮಧುಮೇಹ ಇರುವವರಲ್ಲಿ ಇತರರಿಗಿಂತ ಹಲವು ಪಟ್ಟು ಹೆಚ್ಚು. ಥೈರಾಯ್ಡ್ ತೊಂದರೆ ಇರುವವರಲ್ಲೂ ಹೆಚ್ಚಾಗಿ ಕಾಣುತ್ತದೆ. ಭುಜ ತೋರಿಸಲು ಬಂದವರಲ್ಲಿ ಮಧುಮೇಹ ಪತ್ತೆಯಾಗುವುದೂ ಉಂಟು. ಪರೀಕ್ಷೆ ಮಾಡಿಸಿಲ್ಲವಾದರೆ ಈ ವಾರವೇ ಮಾಡಿಸಿ.

ಪುರಾವೆ ಎಲ್ಲಿ

ಚಲನೆ ಅವರೇ, ನೀವು ಬರೆದದ್ದನ್ನು ಗೌರವದಿಂದಲೇ ಓದಿದೆ. ಆದರೂ ನನ್ನ ಆಕ್ಷೇಪವನ್ನು ಇಡಲೇಬೇಕು.

‘ಇಡೀ ಮನುಷ್ಯನನ್ನು ನೋಡುತ್ತೇವೆ’ ಎಂಬ ಫಲಕದ ಕೆಳಗೆ ಏನೇನೋ ಮಾರಾಟವಾಗುತ್ತಿದೆ. ವಿಷ ಹೊರಹಾಕುವ ಪಟ್ಟಿ, ಮೂಳೆ ‘ಸ್ಥಾನಕ್ಕೆ ಕೂರಿಸುವ’ ತಿಂಗಳುಗಟ್ಟಲೆಯ ಪ್ಯಾಕೇಜು, ಕಂಪನದ ಹಾಸಿಗೆ. ಒಂದಕ್ಕೂ ನಂಬುವಂಥ ಪುರಾವೆ ಇಲ್ಲ. ಎಲ್ಲವನ್ನೂ ಸೇರಿಸಿ ಕೊಟ್ಟರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಆಗಲಿಲ್ಲ ಎಂದು ಯಾರೂ ಹೇಳಲಾರರು.

ಎರಡನೆಯದು ಇನ್ನೂ ಗಂಭೀರ. ನನ್ನ ತಂಗಿಗೆ ಇಪ್ಪತ್ತರ ಹರೆಯದಲ್ಲಿ ಸೊಂಟನೋವು ಶುರುವಾಯಿತು. ನಸುಕಿನ ಹೊತ್ತಿಗೆ ನೋವಿನಿಂದ ಎಚ್ಚರವಾಗುತ್ತಿತ್ತು, ಬೆಳಿಗ್ಗೆ ಬಹಳ ಹೊತ್ತು ಬೆನ್ನು ಮರದಂತೆ ಬಿಗಿದಿರುತ್ತಿತ್ತು, ಓಡಾಡಿದರೆ ಸಡಿಲವಾಗುತ್ತಿತ್ತು. ಆಕೆಗೆ ವರ್ಷಗಟ್ಟಲೆ ಸಿಕ್ಕಿದ ಉತ್ತರ ಒಂದೇ: ‘ಒತ್ತಡ ಕಡಿಮೆ ಮಾಡಿಕೊಳ್ಳಿ.’ ಕೊನೆಗೆ ಅದು ಬೆನ್ನುಮೂಳೆಯ ಉರಿಯೂತದ ಸಂಧಿವಾತವೆಂದು ಗೊತ್ತಾಯಿತು. ಮನಸ್ಸಿನ ಮಾತೆತ್ತಿದವರೆಲ್ಲ ಆಕೆಯ ದೇಹವನ್ನು ನೋಡುವುದನ್ನೇ ಬಿಟ್ಟಿದ್ದರು. ಆದ್ದರಿಂದ ನೋವಿನ ಜೊತೆಗೆ ಭಾವನೆ ಎಂಬ ಪದ ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಚಲನೆ

ನಿಮ್ಮ ತಂಗಿಗೆ ಆದದ್ದು ಅನ್ಯಾಯ. ನೀವು ಹೇಳಿದ ಒಂದೊಂದು ಲಕ್ಷಣವೂ ಪಠ್ಯದಲ್ಲಿ ಇರುವಂಥದ್ದೇ. 45ರ ಒಳಗೆ ನಿಧಾನವಾಗಿ ಆರಂಭವಾಗುವುದು, ರಾತ್ರಿಯ ಎರಡನೆಯ ಅರ್ಧದಲ್ಲಿ ಎಚ್ಚರವಾಗುವುದು, ಬೆಳಗಿನ ಬಿಗಿತ ಅರ್ಧ ಗಂಟೆ ಮೀರುವುದು, ವಿಶ್ರಾಂತಿಯಿಂದ ಕಡಿಮೆಯಾಗದೆ ಚಲನೆಯಿಂದ ಕಡಿಮೆಯಾಗುವುದು. ಇವೆಲ್ಲ ಒಟ್ಟಾಗಿ ಕಂಡಾಗ ಸಂಧಿವಾತ ತಜ್ಞರ ಬಳಿಗೆ ಕಳುಹಿಸಲೇಬೇಕು. ಗಮನಿಸಿ, ಇಲ್ಲಿಯೂ ಉತ್ತರ ಸಿಕ್ಕುವುದು ನಿದ್ದೆಯ ಪ್ರಶ್ನೆಯಿಂದಲೇ. ರಾತ್ರಿ ಯಾವಾಗ ಎಚ್ಚರವಾಗುತ್ತದೆ ಎಂದು ಕೇಳಿ, ಆಕೆ ಹೇಳಿದ್ದನ್ನು ಪೂರ್ತಿ ಕಿವಿಗೊಟ್ಟು ಕೇಳಿದ್ದರೆ ಸಾಕಿತ್ತು.

ಅಪಾಯದ ಲಕ್ಷಣಗಳಿಗೆ ಮೊದಲ ಸ್ಥಾನ. ಇದರಲ್ಲಿ ರಾಜಿಯೇ ಇಲ್ಲ. ಬೆನ್ನುನೋವಿನ ಜೊತೆಗೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ಕುಳಿತಾಗ ಆಸನಕ್ಕೆ ತಾಗುವ ಭಾಗ ಮರಗಟ್ಟಿದರೆ, ಎರಡೂ ಕಾಲು ಸೋಲುತ್ತಿದ್ದರೆ ಅದೇ ದಿನ ತುರ್ತು ಚಿಕಿತ್ಸೆಗೆ ಹೋಗಬೇಕು. ಒಂದು ಕಾಲಿನ ಮೀನಖಂಡ ಮಾತ್ರ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ಯಾರಿಂದಲೂ ತಿಕ್ಕಿಸಬೇಡಿ. ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಅದಕ್ಕೂ ಅಂದೇ ವೈದ್ಯರು ಬೇಕು. ಎಡಭುಜ ಅಥವಾ ದವಡೆಯ ನೋವು ಎದೆಯ ಬಿಗಿತ, ಬೆವರು, ಏದುಸಿರಿನ ಜೊತೆ ಬಂದರೆ ಅದು ಫಿಸಿಯೋಥೆರಪಿಯ ವಿಷಯವೇ ಅಲ್ಲ. ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಹಿಂದೆ ಕ್ಯಾನ್ಸರ್ ಆಗಿದ್ದ ಚರಿತ್ರೆ, ಹೇಗೆ ಮಲಗಿದರೂ ಬಿಡದ ನೋವು, ಜೋರಾಗಿ ಬಿದ್ದಿರುವುದು ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರನ್ನು ಕಾಣಬೇಕು. ಇಷ್ಟನ್ನು ಕೇಳದೆ ‘ಒತ್ತಡ’ ಎಂದುಬಿಡುವವರು ಮನುಷ್ಯನ ಅರ್ಧವನ್ನೂ ನೋಡಿಲ್ಲ.

ಒಟ್ಟಿಗೆ ಹತ್ತು ಚಿಕಿತ್ಸೆ ಕೊಡಬಾರದು ಎಂಬ ನಿಮ್ಮ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಪ್ರಶ್ನೆಗಳನ್ನು ಹತ್ತು ಕಡೆಯಿಂದ ಕೇಳಬೇಕು. ಚಿಕಿತ್ಸೆ ಆದಷ್ಟು ಕಡಿಮೆ ಇರಬೇಕು.

ರಾತ್ರಿಪಾಳಿ

ನಾನು ಆಸ್ಪತ್ರೆಯಲ್ಲಿ ನರ್ಸ್. ಚಲನೆ ಮೇಡಂ ಬರೆದ ಕೊನೆಯ ಸಾಲಿಗೆ ನನ್ನ ಸೊಂಟವೇ ಸಾಕ್ಷಿ.

ರೋಗಿಗಳನ್ನು ಮಗ್ಗುಲು ಬದಲಿಸುವುದು, ಮೇಲಕ್ಕೆ ಸರಿಸುವುದು, ಎಬ್ಬಿಸಿ ಕೂರಿಸುವುದು ನಮ್ಮ ಕೆಲಸ. ಪಾಳಿ ಬದಲಾದಂತೆಲ್ಲ ನಿದ್ದೆ ಬದಲಾಗುತ್ತದೆ. ನನಗೆ ಮೊದಲು ಸಿಕ್ಕಿದ ಹಾಳೆಯಲ್ಲಿ ಡಜನ್‌ಗಟ್ಟಲೆ ವ್ಯಾಯಾಮಗಳಿದ್ದವು, ಎಲ್ಲವನ್ನೂ ದಿನಕ್ಕೆ ಎರಡು ಹೊತ್ತು ಮಾಡಬೇಕಿತ್ತು. ಪಾಳಿ ಮುಗಿಸಿ ಬಂದು, ಮಗುವನ್ನು ಶಾಲೆಗೆ ಕಳುಹಿಸಿ, ನಿಂತಲ್ಲೇ ಕಣ್ಣು ಮುಚ್ಚುವ ಸ್ಥಿತಿಯಲ್ಲಿ ಯಾರು ಮಾಡುತ್ತಾರೆ? ಮುಂದಿನ ಭೇಟಿಯಲ್ಲಿ ‘ನೀವು ಸಹಕರಿಸುತ್ತಿಲ್ಲ’ ಎಂದು ಕಡತದಲ್ಲಿ ಬರೆದರು.

ಬೇರೊಬ್ಬರು ನನ್ನ ಕೆಲಸವನ್ನೇ ಮಾಡಿ ತೋರಿಸಲು ಹೇಳಿದರು. ಮಂಚದ ಎತ್ತರ ಎಷ್ಟಿರುತ್ತದೆ, ಜೊತೆಗೆ ಇನ್ನೊಬ್ಬರು ಇರುತ್ತಾರೆಯೇ, ರೋಗಿಯನ್ನು ಸರಿಸಲು ಜಾರುಹಾಸು ಬಳಸುತ್ತೀರಾ ಎಂದು ವಿಚಾರಿಸಿದರು. ನಾನು ಎತ್ತುವಾಗಲೆಲ್ಲ ಉಸಿರು ಕಟ್ಟಿಕೊಳ್ಳುತ್ತಿದ್ದೆ, ಮಂಚವನ್ನು ಏರಿಸದೆ ಬಗ್ಗಿಯೇ ಕೆಲಸ ಮಾಡುತ್ತಿದ್ದೆ. ವ್ಯಾಯಾಮ ಎರಡೇ ಉಳಿದವು: ಗೋಡೆಗೆ ಹಿಂಬದಿ ತಾಗಿಸುವಂತೆ ಸೊಂಟದಿಂದ ಮಡಚಿ ಏಳುವುದು, ಮತ್ತೆ ಭಾರವನ್ನು ಒಂದೇ ಕೈಯಲ್ಲಿ ಹಿಡಿದು ನಡೆಯುವುದು. ಭಾರವನ್ನು ಮೆಲ್ಲಗೆ ಹೆಚ್ಚಿಸುತ್ತ ಹೋದೆವು. ರಾತ್ರಿಪಾಳಿಯ ವಾರದಲ್ಲಿ ಭಾರ ಹೆಚ್ಚಿಸುವುದಿಲ್ಲ ಎಂಬ ಒಪ್ಪಂದವೂ ಇತ್ತು. ಆ ಒಂದು ಮಾತಿನಿಂದ ನನ್ನ ಬದುಕನ್ನು ಯಾರೋ ನಿಜವಾಗಿಯೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಅನ್ನಿಸಿತು.

ಪುರಾವೆ ಎಲ್ಲಿ

ಇದು ನನಗೆ ಒಪ್ಪಿಗೆಯಾಗುತ್ತದೆ. ಕೆಲಸದ ಜಾಗವನ್ನು ನೋಡುವುದು, ಭಾರವನ್ನು ಅಳತೆಯಿಟ್ಟು ಹೆಚ್ಚಿಸುವುದು, ಇವನ್ನು ಪರೀಕ್ಷಿಸಿ ನೋಡಬಹುದು.

ಆದರೆ ಒಂದು ಪ್ರಶ್ನೆ ಉಳಿಯಿತು. ನರ್ಸ್ ಒಬ್ಬರೇ ಎತ್ತಬೇಕಾದ ಪರಿಸ್ಥಿತಿ ಇದ್ದರೆ ತಪ್ಪು ಆಕೆಯ ಸ್ನಾಯುಗಳದ್ದಲ್ಲ. ಸಾಕಷ್ಟು ಸಿಬ್ಬಂದಿ ಇಲ್ಲದ ಕಡೆ ‘ನಿಮ್ಮ ಸೊಂಟವನ್ನು ಬಲಪಡಿಸಿಕೊಳ್ಳಿ’ ಎನ್ನುವುದು ಹೊಣೆಯನ್ನು ನೋವುಂಡವರ ಮೇಲೆಯೇ ಹಾಕಿದಂತೆ.

ರಾತ್ರಿಪಾಳಿ

ಸರ್, ಈ ಮಾತನ್ನು ಬರೆದಿದ್ದಕ್ಕೆ ಧನ್ಯವಾದಗಳು. ಮಂಚ ಏರಿಸುವ ಹಿಡಿಕೆ ಕೆಟ್ಟಿದ್ದ ವಾರ್ಡಿನಲ್ಲಿ ಅದನ್ನು ಸರಿಪಡಿಸಲು ನಾವೆಲ್ಲ ಸೇರಿ ಪತ್ರ ಬರೆದೆವು. ನನ್ನ ಫಿಸಿಯೋ ಅದಕ್ಕೆ ಒಂದು ಶಿಫಾರಸು ಬರೆದುಕೊಟ್ಟರು. ಅದು ಕೂಡ ಚಿಕಿತ್ಸೆಯ ಭಾಗವೆಂದೇ ನಾನು ತಿಳಿಯುತ್ತೇನೆ.

ಅಮ್ಮನ ಮಗಳು

ನನ್ನ ಅಮ್ಮನ ವಿಷಯ ಹೇಳುತ್ತೇನೆ, ವಯಸ್ಸಾದವರನ್ನು ನೋಡಿಕೊಳ್ಳುವವರಿಗೆ ಉಪಯೋಗವಾಗಬಹುದು.

ಅಮ್ಮ ಒಮ್ಮೆ ಬಿದ್ದರು. ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ಅಲ್ಲಿಂದ ಗೋಡೆ ಹಿಡಿಯದೆ ಹೆಜ್ಜೆ ಇಡುವುದಿಲ್ಲ. ಹೊರಗೆ ಹೋಗುವುದು ನಿಂತಿತು, ಕಾಲಿನ ಶಕ್ತಿ ಕುಂದಿತು, ಭಯ ಹೆಚ್ಚಿತು. ನಾವು ಮನೆಯವರು ಪ್ರೀತಿಯಿಂದಲೇ ‘ಬೇಡಮ್ಮ, ಕೂತಿರಿ’ ಎನ್ನುತ್ತ ಬಂದೆವು.

ಮನೆಗೆ ಬಂದ ಫಿಸಿಯೋಥೆರಪಿಸ್ಟ್ ಅಮ್ಮನ ಮೊಣಕಾಲು ಮುಟ್ಟುವುದಕ್ಕೆ ಮೊದಲು ಮಂಚದಿಂದ ಬಚ್ಚಲಿನವರೆಗೆ ಅವರ ಜೊತೆ ನಡೆದರು. ನಡುವಿನ ಓಣಿಯಲ್ಲಿ ದೀಪ ಇಲ್ಲ, ನೆಲದ ಮೇಲಿನ ಹಾಸಿನ ಅಂಚು ಮೇಲೆದ್ದಿದೆ, ಚಪ್ಪಲಿಯ ಹಿಂಬದಿ ಸಡಿಲ. ಆಮೇಲೆ ಮಾತ್ರೆಗಳ ಡಬ್ಬಿ ತರಿಸಿ ನೋಡಿದರು. ನಿದ್ದೆ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ ಎಂದು ಗುರುತು ಹಾಕಿದರು. ಮಲಗಿಸಿ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ, ಮೂರು ನಿಮಿಷ ನಿಲ್ಲಿಸಿ ಮತ್ತೊಮ್ಮೆ ಬಿಪಿ ಅಳೆದರು. ನಿಂತಾಗ ಬಿಪಿ ಚೆನ್ನಾಗಿಯೇ ಇಳಿಯುತ್ತಿತ್ತು. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವೈದ್ಯರಿಗೆ ತಿಳಿಸಬೇಕಂತೆ. ಕನ್ನಡಕವನ್ನೂ ವಿಚಾರಿಸಿದರು. ಹತ್ತಿರಕ್ಕೂ ದೂರಕ್ಕೂ ಒಂದೇ ಗಾಜು ಇರುವ ಕನ್ನಡಕದ ಕೆಳಭಾಗದಿಂದ ಮೆಟ್ಟಿಲು ನೋಡಿದರೆ ಅಂಚು ಮಸುಕಾಗಿ ಕಾಣುತ್ತದೆ. ಇದು ನಮಗೆ ಹೊಳೆದೇ ಇರಲಿಲ್ಲ.

ಇಷ್ಟಾದ ಮೇಲೆ ವ್ಯಾಯಾಮ. ಗಟ್ಟಿಯಾದ ಕುರ್ಚಿಯಿಂದ ಎದ್ದು ಕೂರುವುದು. ಮೊದಲು ಕೈ ಊರಿ, ಆಮೇಲೆ ಒಂದು ಕೈ, ಆಮೇಲೆ ಕೈ ಕಟ್ಟಿಕೊಂಡು. ‘ಮೆಲ್ಲಗೆ ಕೂರಿ, ಬೀಳಬೇಡಿ’ ಎಂದು ಅವರು ಪದೇ ಪದೇ ಹೇಳುತ್ತಿದ್ದರು. ಕೂರುವಾಗಿನ ಹಿಡಿತವೇ ಮೆಟ್ಟಿಲು ಇಳಿಯುವಾಗ ಬೇಕಾದದ್ದು ಎಂದು ಅಮ್ಮನಿಗೆ ವಿವರಿಸಿದರು. ಅಮ್ಮ ಈಗ ಅಂಗಳದಲ್ಲಿ ಒಬ್ಬರೇ ಓಡಾಡುತ್ತಾರೆ.

ಚಲನೆ

ಈ ಥೆರಪಿಸ್ಟ್ ಮಾಡಿದ್ದನ್ನು ನನ್ನ ವಿದ್ಯಾರ್ಥಿಗಳಿಗೆ ಓದಿ ಹೇಳುವ ಆಸೆಯಾಗುತ್ತಿದೆ.

‘ಈ ವಯಸ್ಸಿನಲ್ಲಿ ಶಕ್ತಿ ಬರುತ್ತದೆಯೇ’ ಎಂದು ಕೇಳುವ ಕುಟುಂಬಗಳಿಗೆ ನಾನು ಒಂದು ಅಧ್ಯಯನವನ್ನು ನೆನಪಿಸುತ್ತೇನೆ. 1990ರಲ್ಲಿ ಪ್ರಕಟವಾದದ್ದು. ಆರೈಕೆ ಕೇಂದ್ರದಲ್ಲಿದ್ದ, 90ರ ಆಸುಪಾಸಿನ ದುರ್ಬಲ ವೃದ್ಧರು 8 ವಾರ ತೊಡೆಯ ಸ್ನಾಯುಗಳಿಗೆ ಗಟ್ಟಿಯಾದ ಭಾರದ ತರಬೇತಿ ಪಡೆದರು. ಅವರ ಶಕ್ತಿ ಸರಾಸರಿ ಎರಡು ಪಟ್ಟಿಗಿಂತಲೂ ಹೆಚ್ಚಾಯಿತು. ಭಾಗವಹಿಸಿದವರು ಹತ್ತೇ ಮಂದಿ, ಸಣ್ಣ ಅಧ್ಯಯನ ನಿಜ, ಆದರೆ ಅನಂತರದ ಎಷ್ಟೋ ಪರೀಕ್ಷೆಗಳು ಅದೇ ದಿಕ್ಕನ್ನು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 3 ದಿನ ಸಮತೋಲನ ಮತ್ತು ಶಕ್ತಿಯ ವ್ಯಾಯಾಮ ಬೇಕೆನ್ನುತ್ತದೆ. ಬೀಳುವುದನ್ನು ತಗ್ಗಿಸುವಲ್ಲಿ ತಾಯ್ ಚಿ ಎಂಬ ನಿಧಾನ ಚಲನೆಯ ಚೀನೀ ವ್ಯಾಯಾಮಕ್ಕೂ ಒಳ್ಳೆಯ ಪುರಾವೆ ಇದೆ. ಪುರಾವೆ ಎಲ್ಲಿ ಎಂದು ಕೇಳುವವರಿಗಾಗಿ ಬರೆಯುತ್ತಿದ್ದೇನೆ.

ಹಿಮ್ಮಡಿ

ನಾನು ಓಟಗಾರ. ಹಿಮ್ಮಡಿಯ ಮೇಲಿನ ದಪ್ಪ ಟೆಂಡನ್ (ಸ್ನಾಯುವನ್ನು ಮೂಳೆಗೆ ಜೋಡಿಸುವ ಪಟ್ಟಿ) ಬಹಳ ಕಾಲದಿಂದ ನೋಯುತ್ತಿದೆ. ವಿಶ್ರಾಂತಿ ತೆಗೆದುಕೊಂಡರೆ ಕಡಿಮೆ, ಓಡಿದ ಕೂಡಲೇ ಮತ್ತೆ. ವ್ಯಾಯಾಮ ಮಾಡುವಾಗ ನೋವಾದರೆ ನಿಲ್ಲಿಸಬೇಕೇ, ಮುಂದುವರಿಸಬೇಕೇ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಚಲನೆ

ಮೊದಲು ನನ್ನ ಕಡೆಯಿಂದ ಒಂದು ಪ್ರಶ್ನೆ. ನೋವು ಶುರುವಾಗುವ ಮುನ್ನ ಸಿಪ್ರೊಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಗುಂಪಿನ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದಿರಾ? ಆ ಗುಂಪಿನ ಔಷಧಿಗಳು ಟೆಂಡನ್‌ಗೆ, ಅದರಲ್ಲೂ ಹಿಮ್ಮಡಿಯದಕ್ಕೆ, ತೊಂದರೆ ಕೊಡಬಹುದು, ಹರಿದುಹೋಗುವ ಅಪಾಯವೂ ಇದೆ. ಹೌದಾದರೆ ವ್ಯಾಯಾಮ ಶುರು ಮಾಡದೆ ವೈದ್ಯರನ್ನು ಕಾಣಿ.

ಇಲ್ಲವಾದರೆ, ಬರೀ ವಿಶ್ರಾಂತಿ ಟೆಂಡನ್‌ಗೆ ಒಳ್ಳೆಯದಲ್ಲ. ಭಾರ ಬಿದ್ದಾಗಲೇ ಅದು ಗಟ್ಟಿಯಾಗುವುದು. 1998ರಲ್ಲಿ ಆಲ್ಫ್ರೆಡ್‌ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಯೋಜನೆಯಲ್ಲಿ ಓಟಗಾರರು ಮೆಟ್ಟಿಲ ಅಂಚಿನಲ್ಲಿ ತುದಿಗಾಲಿನ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುತ್ತಿದ್ದರು. ಮಂಡಿ ನೇರವಾಗಿಟ್ಟು 15 ಬಾರಿಯ 3 ಸುತ್ತು, ಮಂಡಿ ಮಡಚಿ ಮತ್ತೆ ಅಷ್ಟೇ, ದಿನಕ್ಕೆ ಎರಡು ಹೊತ್ತು, 12 ವಾರ. ದಿನಕ್ಕೆ 180 ಬಾರಿ. ಅಷ್ಟು ಎಲ್ಲರಿಗೂ ಬೇಕಿಲ್ಲ. ವಾರಕ್ಕೆ 3 ದಿನ ಭಾರವಾಗಿ, ನಿಧಾನವಾಗಿ ಮಾಡುವ ಕ್ರಮವೂ ಅಷ್ಟೇ ಕೆಲಸ ಮಾಡುತ್ತದೆ, ಜನ ಅದನ್ನು ಬಿಡದೆ ಮಾಡುತ್ತಾರೆ ಕೂಡ. ಬಿಡದೆ ಮಾಡಬಹುದಾದದ್ದು ಯಾವುದೋ ಅದೇ ಒಳ್ಳೆಯದು.

ನೋವಿನ ಲೆಕ್ಕ ಹೀಗೆ. 0ಯಿಂದ 10ರ ಅಳತೆಯಲ್ಲಿ 3ರವರೆಗಿನ ನೋವನ್ನು ವ್ಯಾಯಾಮದ ಹೊತ್ತಿನಲ್ಲಿ ಸಹಿಸಿಕೊಳ್ಳಬಹುದು. ಟೆಂಡನ್ ಯೋಜನೆಗಳಲ್ಲಿ 5ರವರೆಗೂ ಬಿಡುವುದುಂಟು. ಮರುದಿನ ಬೆಳಿಗ್ಗೆ ಮಂಚದಿಂದ ಇಳಿದು ಇಡುವ ಮೊದಲ ಕೆಲವು ಹೆಜ್ಜೆಗಳೇ ನಿಮ್ಮ ತೀರ್ಪುಗಾರರು. ಹಿಂದಿನ ದಿನದಷ್ಟೇ ಇದ್ದರೆ ಭಾರ ಸರಿಯಾಗಿದೆ. ಹೆಚ್ಚಿದ್ದರೆ ಆ ದಿನ ಭಾರ ಇಳಿಸಿ, ನಿಲ್ಲಿಸಬೇಡಿ.

ಓಟದ ದೂರ, ನಿದ್ದೆ, ಕೆಲಸದ ಒತ್ತಡ ಈ ಮೂರನ್ನೂ ಒಂದೇ ಪುಟದಲ್ಲಿ ಬರೆದಿಡಿ. ಕೆಲಸದಲ್ಲಿ ಕಷ್ಟದ ವಾರ ಬಂದಾಗಲೇ ದೂರವನ್ನೂ ಹೆಚ್ಚಿಸಿ, ನಿದ್ದೆಯನ್ನೂ ಕತ್ತರಿಸಿದವರು ನನ್ನ ಬಳಿ ಹೆಚ್ಚಾಗಿ ಬರುತ್ತಾರೆ.

ಹಿಮ್ಮಡಿ

ಆ ಔಷಧಿ ತೆಗೆದುಕೊಂಡಿಲ್ಲ. ನಿದ್ದೆ ಮಾತ್ರ ಐದು ಗಂಟೆಯ ಆಸುಪಾಸು. ಬರೆದಿಡಲು ಇಂದಿನಿಂದ ಶುರು ಮಾಡುತ್ತೇನೆ.

ಹೊಸ ತಾಯಿ

ಹೆರಿಗೆಯ ನಂತರ ನನ್ನ ಬೆನ್ನುನೋವಿಗೆ ಬೆನ್ನಿಗೇ ಚಿಕಿತ್ಸೆ ನಡೆಯುತ್ತಿತ್ತು. ಕೆಮ್ಮಿದಾಗ, ನಕ್ಕಾಗ ಮೂತ್ರ ಸೋರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ನಾನಾಗಿ ಹೇಳಲು ನಾಚಿಕೆ. ಕೇಳಿದ ಮೊದಲ ವ್ಯಕ್ತಿ ಒಬ್ಬ ಫಿಸಿಯೋಥೆರಪಿಸ್ಟ್. ಆಕೆ ಕೇಳಿದ ರೀತಿಯಲ್ಲಿ ಮುಜುಗರವೇ ಇರಲಿಲ್ಲ, ಮೊಣಕಾಲಿನ ವಿಷಯ ಕೇಳಿದಷ್ಟೇ ಸಹಜವಾಗಿ ಕೇಳಿದರು. ಇದು ಬಹಳ ತಾಯಂದಿರಿಗೆ ಇದೆ, ಗುಣವಾಗುತ್ತದೆ ಎಂದು ಕೇಳಿದಾಗ ಅತ್ತುಬಿಟ್ಟೆ. ಇಲ್ಲಿ ಓದುತ್ತಿರುವ ಯಾರಾದರೂ ತಾಯಂದಿರು ಸುಮ್ಮನಿದ್ದರೆ, ದಯವಿಟ್ಟು ಹೇಳಿಕೊಳ್ಳಿ.

ಚಲನೆ

ಬರೆದಿದ್ದಕ್ಕೆ ನಿಮಗೆ ವಂದನೆ, ತಾಯಿ. ಶ್ರೋಣಿಯ ತಳದ ಸ್ನಾಯುಗಳಿಗೆ ವ್ಯಾಯಾಮ ಕೊಡಬಹುದೆಂದು ಆರ್ನಾಲ್ಡ್ ಕೆಗೆಲ್ ಎಂಬ ವೈದ್ಯರು 1948ರಲ್ಲೇ ಬರೆದರು. ಇಂದಿಗೂ ಇಂಥ ಸೋರಿಕೆಗೆ ಮೊದಲ ಚಿಕಿತ್ಸೆ ಅದೇ. ಕನಿಷ್ಠ 3 ತಿಂಗಳು ಮಾಡಬೇಕು. ಮೂತ್ರವನ್ನು ತಡೆಯುವಾಗ ಬಿಗಿಯುವ ಸ್ನಾಯುಗಳು ಇವು. ಉಸಿರು ಬಿಡುತ್ತ ಮೇಲಕ್ಕೆಳೆದು, ಮತ್ತೆ ಪೂರ್ತಿ ಸಡಿಲಿಸಬೇಕು. ಸಡಿಲಿಸುವುದನ್ನು ಬಹಳ ಮಂದಿ ಮರೆಯುತ್ತಾರೆ. ಕೆಲವರಲ್ಲಿ ಈ ಸ್ನಾಯುಗಳು ಮೊದಲೇ ಬಿಗಿದಿರುತ್ತವೆ, ಅಂಥವರು ಇನ್ನೂ ಬಿಗಿದರೆ ನೋವು ಹೆಚ್ಚಾಗುತ್ತದೆ. ಆದ್ದರಿಂದ ಒಮ್ಮೆಯಾದರೂ ತರಬೇತಿ ಪಡೆದವರಿಂದ ಪರೀಕ್ಷೆ ಮಾಡಿಸಿಕೊಳ್ಳಿ.

ಎಡಭುಜ

ಇಷ್ಟೊಂದು ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ. ಶುಗರ್ ಪರೀಕ್ಷೆಗೆ ಕೊಟ್ಟಿದ್ದೇನೆ. ಇನ್ನೊಂದು ಸಂಶಯ. ಮೊದಲಿನವರು ಕೊಟ್ಟ ಶಾಖ, ಯಂತ್ರ, ಕೈಯಿಂದ ತಿಕ್ಕುವುದು ಎಲ್ಲ ವ್ಯರ್ಥವೇ? ಅಲ್ಲಿ ಹಿತವಾಗುತ್ತಿದ್ದದ್ದು ಸುಳ್ಳಲ್ಲ.

ಪುರಾವೆ ಎಲ್ಲಿ

ಯಂತ್ರಗಳಲ್ಲಿ ಒಂದಾದ, ಶಬ್ದತರಂಗ ಬಳಸುವ ಅಲ್ಟ್ರಾಸೌಂಡ್ ಚಿಕಿತ್ಸೆಯ ಬಗ್ಗೆ ನಾನು ಹುಡುಕಿ ಓದಿದ್ದೇನೆ. ಬೆನ್ನುನೋವಿಗೆ ಅದರಿಂದ ಗಣನೀಯ ಲಾಭವಿದೆ ಎನ್ನಲು ಆಧಾರ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಅದನ್ನು ಬಳಸಬೇಡಿ ಎಂಬ ಪಟ್ಟಿಗೇ ಸೇರಿಸಿದೆ. ವ್ಯಾಯಾಮ, ತಿಳಿವಳಿಕೆ, ಮಸಾಜ್‌ನಂಥವುಗಳಿಗೆ ಅಲ್ಲಿ ಜಾಗ ಇದೆ.

ಚಲನೆ

ಸರಿಯಾಗಿ ಹೇಳಿದಿರಿ. ಕೈಯಿಂದ ಕೊಡುವ ಚಿಕಿತ್ಸೆಯನ್ನು ನಾನು ಬಿಟ್ಟಿಲ್ಲ. ಅದರಿಂದ ಸಿಗುವ ಉಪಶಮನ ಹೆಚ್ಚು ಹೊತ್ತು ಇರುವುದಿಲ್ಲ ಎಂದು ಗೊತ್ತಿದ್ದೇ ಬಳಸುತ್ತೇನೆ. ನೋವು ತಗ್ಗಿರುವ ಆ ಅರ್ಧ ಗಂಟೆಯಲ್ಲಿ ನೀವು ಮಾಡಲು ಹೆದರುತ್ತಿದ್ದ ಚಲನೆಯನ್ನು ಮಾಡಿಸುತ್ತೇನೆ. ಆಗ ಆ ಕೈಚಿಕಿತ್ಸೆಗೆ ಬೆಲೆ ಬರುತ್ತದೆ. ಬರೀ ಅದಷ್ಟನ್ನೇ ಕೊಟ್ಟು ಕಳುಹಿಸಿದರೆ ನಿಮ್ಮ ಭುಜ ನನ್ನನ್ನೇ ನೆಚ್ಚಿಕೊಳ್ಳುತ್ತದೆ. ಬಿಸಿನೀರಿನ ಚೀಲವನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು, ಅದಕ್ಕಾಗಿ ಯಾರ ಬಳಿಗೂ ಬರಬೇಕಿಲ್ಲ. ಶುಗರ್ ಇದ್ದು ಚರ್ಮದ ಸ್ಪರ್ಶ ಮಂದವಾಗಿದ್ದರೆ ಮಾತ್ರ ಸುಟ್ಟೀತು, ಎಚ್ಚರ.

ಪುರಾವೆ ಎಲ್ಲಿ

ಹಾಗಾದರೆ ಕೊನೆಯ ಪ್ರಶ್ನೆ, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಚಿಕಿತ್ಸೆ ಎಂದು ನಿಲ್ಲಬೇಕು? ‘ಇನ್ನೂ ಹತ್ತು ಭೇಟಿ’ ಎಂಬ ಮಾತಿಗೆ ಕೊನೆಯೇ ಇಲ್ಲದ್ದನ್ನು ಕಂಡಿದ್ದೇನೆ.

ಚಲನೆ

ಮೊದಲ ಭೇಟಿಯಲ್ಲೇ ಅದನ್ನು ಮಾತಾಡಿಕೊಳ್ಳಬೇಕು. ನೋವು ಎಷ್ಟು ಕಡಿಮೆಯಾಗಬೇಕು ಎನ್ನುವುದಕ್ಕಿಂತ ಯಾವ ಕೆಲಸ ಮಾಡಲು ಬರಬೇಕು ಎಂಬುದನ್ನು ಗುರಿಯಾಗಿಟ್ಟುಕೊಳ್ಳಿ: ಮೇಲಿನ ಕಪಾಟಿನಿಂದ ಪಾತ್ರೆ ಇಳಿಸುವುದು, ಮಗುವನ್ನು ಎತ್ತಿಕೊಳ್ಳುವುದು, ಒಂದು ಪಾಳಿ ಪೂರ್ತಿ ನಿಲ್ಲುವುದು. 4ರಿಂದ 6 ವಾರ ಹೇಳಿದಂತೆ ಮಾಡಿಯೂ ಆ ಗುರಿಯತ್ತ ಏನೂ ಬದಲಾಗದಿದ್ದರೆ ಮೂಲ ರೋಗನಿರ್ಣಯವನ್ನೇ ಮತ್ತೆ ಕೆದಕಿ ನೋಡಬೇಕು, ಅಥವಾ ಬೇರೆ ತಜ್ಞರ ಬಳಿ ಕಳುಹಿಸಬೇಕು. ಎಡಭುಜ ಅವರೇ, ಫ್ರೋಜನ್ ಶೋಲ್ಡರ್ ಇದಕ್ಕೆ ಅಪವಾದ. ಅದು ಒಂದರಿಂದ ಮೂರು ವರ್ಷ ಎಳೆಯಬಹುದು. ಅಷ್ಟೂ ಕಾಲ ವಾರಕ್ಕೆ ಎರಡು ಬಾರಿ ಬರಬೇಕೆಂದು ಯಾರಾದರೂ ಹೇಳಿದರೆ ಏಕೆಂದು ಕೇಳಿ. ತಿಂಗಳಿಗೊಮ್ಮೆ ನೋಡಿ, ಹಂತಕ್ಕೆ ತಕ್ಕಂತೆ ವ್ಯಾಯಾಮ ಬದಲಿಸಿದರೆ ಬಹುಪಾಲು ಜನರಿಗೆ ಸಾಲುತ್ತದೆ. ಮೊದಲ ತಿಂಗಳುಗಳಲ್ಲಿ ನೋವು ತಡೆಯಲಾರದಷ್ಟಿದ್ದರೆ ಕೀಲಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಬಗ್ಗೆ ವೈದ್ಯರೊಂದಿಗೆ ಮಾತನಾಡಬಹುದು. ಶುಗರ್ ಇದ್ದರೆ ಇಂಜೆಕ್ಷನ್ ನಂತರ ಕೆಲವು ದಿನ ಅದು ಏರುತ್ತದೆ, ಮೊದಲೇ ತಿಳಿಸಿ.

ನನ್ನ ಕೊನೆಯ ಭೇಟಿಯಲ್ಲಿ ಪ್ರತಿಯೊಬ್ಬರಿಂದಲೂ ಒಂದು ಚೀಟಿ ಬರೆಸುತ್ತೇನೆ, ಅವರದೇ ಕೈಬರಹದಲ್ಲಿ. ನೋವು ಮತ್ತೆ ಕೆರಳಿದ ದಿನ ಏನು ಮಾಡುತ್ತೇನೆ ಎಂಬುದು ಅದರಲ್ಲಿರುತ್ತದೆ. ಯಾವ ಕೆಲಸವನ್ನು ಎರಡು ದಿನ ಅರ್ಧಕ್ಕಿಳಿಸುತ್ತೇನೆ, ಯಾವ ವ್ಯಾಯಾಮವನ್ನು ಬಿಡುವುದಿಲ್ಲ, ಆ ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೇನೆ, ಯಾವ ಲಕ್ಷಣ ಕಂಡರೆ ಕಾಯದೆ ಫೋನ್ ಮಾಡುತ್ತೇನೆ. ಬರೆಯಲು ಬಂದರೆ ಅವರಿಗೆ ವಿಷಯ ಗೊತ್ತಾಗಿದೆ ಎಂದರ್ಥ, ಬಿಟ್ಟುಕಳುಹಿಸುತ್ತೇನೆ. ಬರೆಯಲು ತಡವರಿಸಿದರೆ ಇನ್ನೊಂದು ಭೇಟಿ ಇದೆ.

ಅಮ್ಮನ ಮಗಳು

ನಮಗೂ ಅಂಥದ್ದೇ ಹಾಳೆ ಬರೆಸಿದ್ದರು. ಅಮ್ಮನಿಗೆ ಅಕ್ಷರ ಕಾಣುವುದಿಲ್ಲವೆಂದು ಅವರು ಹೇಳಿದ್ದನ್ನು ನಾನು ದೊಡ್ಡ ಅಕ್ಷರದಲ್ಲಿ ಬರೆದೆ. ‘ತಲೆ ಸುತ್ತಿದರೆ ಮಂಚದ ಅಂಚಿನಲ್ಲಿ ಕೂತು ಪಾದ ಆಡಿಸುವುದು, ಸರಿಹೋದ ಮೇಲೆ ಏಳುವುದು, ಬಿದ್ದರೆ ಮಗಳಿಗೆ ಹೇಳುವುದು, ಮುಚ್ಚಿಡುವುದಿಲ್ಲ.’ ಕೊನೆಯ ಸಾಲನ್ನು ಥೆರಪಿಸ್ಟ್ ಹೇಳಿಕೊಟ್ಟಿರಲಿಲ್ಲ, ಅಮ್ಮನೇ ಸೇರಿಸಿದರು.